ಮೊದಲು ತಪ್ಪಿದ್ದು ಎಲ್ಲಿ: ಏಳದ ಕಂಪ್ಯೂಟರಿನ ಲಾಗ್ ಓದುವ ಬಗೆ

(ಗುಂಡ್ಲುಪೇಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಕನ್ನಡದ ವೇದಿಕೆಯಲ್ಲಿ ನಿಂತು, ಕಂಪ್ಯೂಟರು ಆನ್ ಆಗದಿದ್ದಾಗ ಏನು ಮಾಡಬೇಕು ಎಂಬ ಬಗ್ಗೆ ಮಾತನಾಡಲು ಅವಕಾಶ ಕೊಟ್ಟಿದ್ದೀರಿ. ಇದು ರಿಪೇರಿ ಅಂಗಡಿಯವರಿಗೆ ಮಾತ್ರ ಬಿಟ್ಟ ವಿಷಯವಲ್ಲ ಎಂದು ನಂಬಿದವನು ನಾನು. ಆ ನಂಬಿಕೆಗೆ ಕಾರಣವನ್ನು ಮೊದಲು ಹೇಳುತ್ತೇನೆ.

ಈ ಶತಮಾನದ ಆರಂಭದಲ್ಲಿ ನಮ್ಮ ಕಂದಾಯ ಇಲಾಖೆ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲ್ಲೂಕು ಕಚೇರಿಗಳಲ್ಲಿ ಪಹಣಿ ಕೇಂದ್ರಗಳು ತೆರೆದವು, ಕೈಬರಹದ ಪಹಣಿಯ ಮಾನ್ಯತೆ ಹೋಯಿತು. ಅಂದಿನಿಂದ ರೈತನ ಸಾಲ, ಅವನ ಜಮೀನಿನ ವ್ಯಾಜ್ಯ, ಅವನ ಮಗಳ ಆದಾಯ ಪ್ರಮಾಣಪತ್ರ, ಮನೆಯ ಪಡಿತರ ಎಲ್ಲವೂ ಒಂದೊಂದಾಗಿ ಯಾವುದೋ ಮೇಜಿನ ಮೇಲಿನ ಯಂತ್ರಕ್ಕೆ ಗಂಟುಬಿದ್ದಿವೆ. ಬೆಳಿಗ್ಗೆ ಆ ಯಂತ್ರ ಏಳದಿದ್ದರೆ ಬಸ್ಸು ಹತ್ತಿ ಬಂದವರು ಬರಿಗೈಯಲ್ಲಿ ಹಿಂತಿರುಗುತ್ತಾರೆ.

ಆಗ ಕಿಟಕಿಯಾಚೆಯಿಂದ ಕೇಳಿಬರುವ ಮಾತು ನಿಮಗೆಲ್ಲ ಗೊತ್ತು: ‘ಸರ್ವರ್ ಇಲ್ಲ, ನಾಳೆ ಬನ್ನಿ.’ ಈ ಒಂದು ಮಾತಿನೊಳಗೆ ಬೇರೆ ಬೇರೆ ತೊಂದರೆಗಳು ಸೇರಿಹೋಗಿವೆ. ದೂರದ ಸರ್ವರ್ ನಿಜಕ್ಕೂ ನಿಂತಿರಬಹುದು. ನೆಟ್ ಹೋಗಿರಬಹುದು. ಎದುರಿಗಿರುವ ಕಂಪ್ಯೂಟರೇ ಬೂಟ್ ಆಗದಿರಬಹುದು. ಬೂಟ್ ಆಗಿಯೂ ಅದರ ಗಡಿಯಾರ ತಪ್ಪಿರಬಹುದು. ಯಾವುದೆಂದು ಹೇಳಬಲ್ಲವರು ಸ್ಥಳದಲ್ಲಿಲ್ಲದಿದ್ದರೆ ಎಲ್ಲಕ್ಕೂ ಒಂದೇ ಮದ್ದು: ‘ಫಾರ್ಮ್ಯಾಟ್ ಹೊಡೆದು ಹೊಸದಾಗಿ ವಿಂಡೋಸ್ ಹಾಕಿಬಿಡಿ.’

ಇಂದು ನಾನು ಹೇಳಬೇಕೆಂದಿರುವುದು ಇಷ್ಟು. ಏಳದ ಕಂಪ್ಯೂಟರು ಬಹಳ ಸಲ ತಾನೇಕೆ ಏಳಲಿಲ್ಲ ಎಂಬುದನ್ನು ಬರೆದಿಟ್ಟಿರುತ್ತದೆ. ಆ ಬರಹಕ್ಕೆ ಲಾಗ್ ಎನ್ನುತ್ತಾರೆ. ಅದನ್ನು ಓದುವ ಮೊದಲೇ ಡಿಸ್ಕನ್ನು ಅಳಿಸುವುದೆಂದರೆ ಸಾಕ್ಷಿಯನ್ನೂ ಅದರ ಜೊತೆಗಿದ್ದ ಮಕ್ಕಳ ಅಂಕಪಟ್ಟಿ, ಸಂಘದ ಲೆಕ್ಕ, ಮನೆಯ ಫೋಟೊಗಳನ್ನೂ ಒಟ್ಟಿಗೆ ನಾಶ ಮಾಡುವುದು. ಓದಲು ಎಂಜಿನಿಯರಿಂಗ್ ಪದವಿ ಬೇಡ. ಕ್ರಮ ಗೊತ್ತಿರಬೇಕು, ತಾಳ್ಮೆ ಇರಬೇಕು. ಆ ಕ್ರಮವನ್ನು ಕನ್ನಡದಲ್ಲಿ ಕಲಿಸಬಹುದು, ಕಲಿಸಬೇಕು.

ಗುಂಡಿ ಒತ್ತಿದಲ್ಲಿಂದ ಲಾಗಿನ್ ಪರದೆ ಬರುವ ತನಕ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಮೊದಲು ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೂರೈಕೆಯ ಪೆಟ್ಟಿಗೆಯಿಂದ ಮದರ್‌ಬೋರ್ಡಿಗೆ ವಿದ್ಯುತ್ತು ಹರಿಯಬೇಕು. ಬೋರ್ಡಿನಲ್ಲೇ ಇರುವ ಬಯಾಸ್ ಅಥವಾ ಯುಇಎಫ್‌ಐ ಎಂಬ ಪುಟ್ಟ ತಂತ್ರಾಂಶ ಪ್ರೊಸೆಸರ್, ರ‍್ಯಾಮ್, ಕೀಬೋರ್ಡು, ಡಿಸ್ಕುಗಳನ್ನು ಪರೀಕ್ಷಿಸುತ್ತದೆ. ನಂತರ ಡಿಸ್ಕಿನಲ್ಲಿರುವ ಬೂಟ್ ಲೋಡರನ್ನು ಕರೆಯುತ್ತದೆ. ಲಿನಕ್ಸ್‌ನಲ್ಲಿ ಅದು ಹೆಚ್ಚಾಗಿ ಗ್ರಬ್. ಬೂಟ್ ಲೋಡರು ಕರ್ನೆಲ್ ಎಂಬ ತಿರುಳನ್ನು ರ‍್ಯಾಮಿಗೆ ಏರಿಸುತ್ತದೆ. ಕರ್ನೆಲ್ ಯಂತ್ರದ ಭಾಗಗಳನ್ನು ಗುರುತಿಸಿ ಮೂಲ ಡಿಸ್ಕನ್ನು ತೆರೆಯುತ್ತದೆ. ಆಮೇಲೆ ನೆಟ್‌ವರ್ಕು, ಪ್ರಿಂಟರು, ಗಡಿಯಾರ, ಲಾಗಿನ್ ಪರದೆ ಮುಂತಾದ ಸೇವೆಗಳು ಒಂದೊಂದಾಗಿ ಶುರುವಾಗುತ್ತವೆ.

ಈ ಹಂತಗಳನ್ನು ತಿಳಿದವರಿಗೆ ಅರ್ಧ ಕೆಲಸ ಮುಗಿದಂತೆ. ಪರದೆ ಪೂರ್ತಿ ಕಪ್ಪಾಗಿದ್ದು ಬೀಪ್ ಸದ್ದು ಮಾತ್ರ ಬಂದರೆ ತೊಂದರೆ ಮೊದಲ ಹಂತದಲ್ಲಿದೆ. ಆಗ ವಿಂಡೋಸ್ ಹೊಸದಾಗಿ ಹಾಕಿ ಪ್ರಯೋಜನವಿಲ್ಲ, ವಿಂಡೋಸಿನ ಸರದಿಯೇ ಇನ್ನೂ ಬಂದಿಲ್ಲ. ‘ನೋ ಬೂಟಬಲ್ ಡಿವೈಸ್’ ಎಂದು ಕಂಡರೆ ಬಯಾಸ್ ಸರಿಯಿದೆ, ಡಿಸ್ಕು ಅದಕ್ಕೆ ಕಾಣುತ್ತಿಲ್ಲ ಅಥವಾ ಡಿಸ್ಕಿನಲ್ಲಿ ಬೂಟ್ ಲೋಡರ್ ಸಿಗುತ್ತಿಲ್ಲ. ‘ಗ್ರಬ್ ರೆಸ್ಕ್ಯೂ’ ಎಂದು ನಿಂತರೆ ಬೂಟ್ ಲೋಡರು ಎದ್ದಿದೆ, ತನ್ನ ಉಳಿದ ಕಡತಗಳು ಅದಕ್ಕೆ ಸಿಗುತ್ತಿಲ್ಲ. ‘ಕರ್ನೆಲ್ ಪ್ಯಾನಿಕ್, ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್’ ಎಂದರೆ ಕರ್ನೆಲ್ ಬಂದಿದೆ, ಮೂಲ ಡಿಸ್ಕು ತೆರೆಯಲಿಲ್ಲ. ಕೊನೆಯ ಸಾಲು ಹೀಗೆ ಯಾವ ಹಂತದವರೆಗೆ ಎಲ್ಲವೂ ಸರಿಯಿತ್ತು ಎಂಬುದನ್ನೂ ಹೇಳುತ್ತದೆ. ಆದ್ದರಿಂದ ಯಂತ್ರ ನಿಂತ ಕೂಡಲೇ ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆದುಕೊಳ್ಳಿ. ಮತ್ತೆ ಮತ್ತೆ ಪವರ್ ಗುಂಡಿ ಒತ್ತುವ ಮೊದಲು ಮಾಡಬೇಕಾದ ಕೆಲಸ ಅದು.

ಕರ್ನೆಲ್ ಎದ್ದ ಮೇಲಿನ ಮಾತುಗಳು ಲಾಗಿನಲ್ಲಿ ದಾಖಲಾಗುತ್ತವೆ. ಈ ಪದ್ಧತಿಗೆ ಇತಿಹಾಸವಿದೆ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಎರಿಕ್ ಆಲ್ಮನ್ ಎಂಬ ತಂತ್ರಜ್ಞರು ತಮ್ಮ ಸೆಂಡ್‌ಮೇಲ್ ಅಂಚೆ ತಂತ್ರಾಂಶಕ್ಕಾಗಿ ಸಿಸ್‌ಲಾಗ್ ಎಂಬ ವ್ಯವಸ್ಥೆ ಮಾಡಿದರು. ಪ್ರತಿ ತಂತ್ರಾಂಶವೂ ತನ್ನ ಮಾತನ್ನು ಒಂದು ಸಾಮಾನ್ಯ ಜಾಗಕ್ಕೆ ಒಪ್ಪಿಸಬೇಕು, ಯಾವಾಗ, ಯಾರು, ಏನು, ಎಷ್ಟು ಗಂಭೀರ ಎಂಬುದು ಅದರಲ್ಲಿರಬೇಕು ಎಂಬುದು ಅದರ ತಿರುಳು. ಗಂಭೀರತೆಗೆ ಸೊನ್ನೆಯಿಂದ ಏಳರವರೆಗೆ ಎಂಟು ಮೆಟ್ಟಿಲುಗಳಿವೆ: ಸೊನ್ನೆ ಎಂದರೆ ಯಂತ್ರವೇ ಬಳಕೆಗೆ ಸಿಗದ ಸ್ಥಿತಿ, ಮೂರು ಎಂದರೆ ದೋಷ, ನಾಲ್ಕು ಎಂದರೆ ಎಚ್ಚರಿಕೆ, ಏಳು ಎಂದರೆ ತಂತ್ರಾಂಶ ಬರೆಯುವವರಿಗಷ್ಟೇ ಬೇಕಾದ ವಿವರ. ಇಂದಿನ ಲಿನಕ್ಸ್‌ಗಳಲ್ಲಿ ಸಿಸ್ಟಮ್‌ಡಿ ಎಂಬ ವ್ಯವಸ್ಥೆಯ ಜರ್ನಲ್ ಈ ಕೆಲಸ ಮಾಡುತ್ತದೆ, ಆ ಎಂಟು ಮೆಟ್ಟಿಲುಗಳು ಅದರಲ್ಲೂ ಉಳಿದಿವೆ. ವಿಂಡೋಸಿನಲ್ಲಿ ಇದೇ ಕೆಲಸಕ್ಕೆ ಈವೆಂಟ್ ವ್ಯೂವರ್ ಇದೆ.

ಗಡಿಯಾಚೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ, ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ, ಮಕ್ಕಳು ಲಿನಕ್ಸ್‌ನಲ್ಲೇ ಕಲಿಯುತ್ತಾರೆ. ನಮ್ಮ ಪ್ರೌಢಶಾಲೆಗಳ ಲ್ಯಾಬುಗಳಿಗೂ ಉಬುಂಟು ಬಂದಿದೆ. ಹಾಗಾಗಿ ಅದರ ಒಂದು ಪ್ರಸಂಗವನ್ನೇ ತೆಗೆದುಕೊಂಡು ಲಾಗ್ ಓದೋಣ.

ಒಂದು ಶಾಲೆಯ ಲ್ಯಾಬಿನ ಕಂಪ್ಯೂಟರಿನಲ್ಲಿ ಎರಡು ಡಿಸ್ಕುಗಳಿದ್ದವು ಎಂದಿಟ್ಟುಕೊಳ್ಳಿ. ರಜೆಯಲ್ಲಿ ಯಾರೋ ಎರಡನೆಯದನ್ನು ಬೇರೆ ಯಂತ್ರಕ್ಕೆಂದು ತೆಗೆದರು. ಶಾಲೆ ತೆರೆದ ದಿನ ಗುಂಡಿ ಒತ್ತಿದರೆ ಒಂದೂವರೆ ನಿಮಿಷ ಏನೂ ಇಲ್ಲ. ನಂತರ ಪರದೆಯ ಮೇಲೆ ಸಾಲುಸಾಲು ಕೆಂಪು ಅಕ್ಷರ, ಕೊನೆಗೆ ‘ಯು ಆರ್ ಇನ್ ಎಮರ್ಜೆನ್ಸಿ ಮೋಡ್’. ನೋಡಿದವರು ಗಾಬರಿಯಾಗುವುದು ಸಹಜ. ಆದರೆ ಆ ಪರದೆಯಲ್ಲೇ ಒಳಹೋಗಲು ದಾರಿಯಿದೆ. ಹೋಗಿ ಜರ್ನಲ್‌ಸಿಟಿಎಲ್ ಎಂಬ ಆಜ್ಞೆಗೆ ‘ಮೈನಸ್ ಬಿ’ ಸೇರಿಸಿದರೆ ಈ ಸಲದ ಬೂಟಿನ ಲಾಗ್ ಬರುತ್ತದೆ. ಅದರಲ್ಲಿ ಕೆಳಗಿನಿಂದ ಮೇಲಕ್ಕೆ ಹೋಗೋಣ. ಎಮರ್ಜೆನ್ಸಿ ಮೋಡಿಗೆ ಏಕೆ ಬಂತು? ‘ಲೋಕಲ್ ಫೈಲ್ ಸಿಸ್ಟಮ್ಸ್’ ಎಂಬ ಘಟ್ಟ ಮುಟ್ಟಲಾಗಲಿಲ್ಲ. ಅದೇಕೆ? ಒಂದು ಫೋಲ್ಡರಿಗೆ ಡಿಸ್ಕನ್ನು ಜೋಡಿಸುವ ಕೆಲಸಕ್ಕೆ ‘ಡಿಪೆಂಡೆನ್ಸಿ ಫೇಲ್ಡ್’ ಎಂದಿದೆ. ಅದೇಕೆ? ಅದಕ್ಕೂ ಮೇಲಿನ ಸಾಲು: ‘ಟೈಮ್ಡ್ ಔಟ್ ವೇಟಿಂಗ್ ಫಾರ್ ಡಿವೈಸ್’, ಅಂದರೆ ಡಿಸ್ಕಿಗಾಗಿ ಕಾದು ಸಾಕಾಯಿತು. ಸಿಸ್ಟಮ್‌ಡಿ ಸಾಮಾನ್ಯವಾಗಿ ಕಾಯುವುದು 90 ಸೆಕೆಂಡು. ಆ ಒಂದೂವರೆ ನಿಮಿಷದ ಮೌನ ಅದೇ. ಕಾರಣ ಸಿಕ್ಕಿತು. ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕುಗಳ ಎಫ್‌ಎಸ್‌ಟ್ಯಾಬ್ ಎಂಬ ಪಟ್ಟಿಯಲ್ಲಿ, ತೆಗೆದ ಡಿಸ್ಕಿನ ಹೆಸರು ಹಾಗೇ ಉಳಿದಿದೆ. ಆ ಒಂದು ಸಾಲಿನ ಮುಂದೆ ಹ್ಯಾಶ್ ಗುರುತು ಹಾಕಿ ಮತ್ತೆ ಸ್ಟಾರ್ಟ್ ಮಾಡಿದರೆ ಕಂಪ್ಯೂಟರು ಏಳುತ್ತದೆ. ಏನನ್ನೂ ಅಳಿಸಬೇಕಾಗಿಲ್ಲ.

ಇಲ್ಲಿ ಗಮನಿಸಬೇಕಾದದ್ದು, ಎಲ್ಲಕ್ಕಿಂತ ಗಾಬರಿ ಹುಟ್ಟಿಸುವ ಸಾಲು ಕೊನೆಯದು. ಕಾರಣ ಹೇಳುವ ಸಾಲು ಅದಕ್ಕಿಂತ ಮೇಲೆ ಕುಳಿತಿದೆ. ಈ ಊರಿನವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. 2019ರ ಫೆಬ್ರವರಿಯ ಬಂಡೀಪುರದ ಕಾಡ್ಗಿಚ್ಚನ್ನು ನೀವು ಮರೆತಿಲ್ಲ. ಗೋಪಾಲಸ್ವಾಮಿ ಬೆಟ್ಟದ ವಲಯವೂ ಸುಟ್ಟಿತು, 4,000 ಹೆಕ್ಟೇರಿಗೂ ಹೆಚ್ಚು ಕಾಡು ಕರಕಾಯಿತು, ನೀರು ಸುರಿಯಲು ವಾಯುಪಡೆಯ ಹೆಲಿಕಾಪ್ಟರುಗಳು ಬಂದವು. ಹಂಗಳದ ಕಡೆಯಿಂದ ಬೆಟ್ಟ ನೋಡುವವರಿಗೆ ಕಾಣುವುದು ಎತ್ತರದ ಜ್ವಾಲೆ, ದಟ್ಟ ಹೊಗೆ. ಬೆಂಕಿಯ ಕಾರಣ ಹುಡುಕುವವರು ಮಾತ್ರ ಜ್ವಾಲೆ ಎಲ್ಲಿ ಎತ್ತರ ಎಂದು ಕೇಳುವುದಿಲ್ಲ. ಮೊದಲು ಹೊತ್ತಿದ್ದು ಎಲ್ಲಿ, ಎಷ್ಟು ಹೊತ್ತಿಗೆ, ಆಗ ಗಾಳಿ ಯಾವ ಕಡೆಗಿತ್ತು ಎಂದು ಕೇಳುತ್ತಾರೆ. ಅದಕ್ಕಾಗಿಯೇ ಉಪಗ್ರಹಗಳು ಗುರುತಿಸುವ ಬಿಸಿ ತಾಣಗಳಿಗೆ ಸ್ಥಳದ ಜೊತೆ ಸಮಯವೂ ದಾಖಲಾಗುತ್ತದೆ. ಲಾಗಿನ ಎಡ ಅಂಚಿನಲ್ಲಿರುವ ಅಂಕಿಗಳಿಗೂ ಅಷ್ಟೇ ಬೆಲೆ. ಪರದೆಯ ಮೇಲೆ ಹರಿಯುವ ಕರ್ನೆಲಿನ ಸಾಲುಗಳಲ್ಲಿ ಅವು ಕರ್ನೆಲ್ ಶುರುವಾದ ಕ್ಷಣದಿಂದ ಕಳೆದ ಸೆಕೆಂಡುಗಳು, ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲಿನವರೆಗೆ.

ಹಾಗೆಂದು ಮೊದಲು ಕಂಡ ದೋಷದ ಸಾಲನ್ನೇ ಹಿಡಿದು ಕೂರುವಂತಿಲ್ಲ. ಚೆನ್ನಾಗಿ ನಡೆಯುತ್ತಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಪ್ರತಿದಿನ ಏಳುವಾಗಲೂ ‘ಎಸಿಪಿಐ ಬಯಾಸ್ ಎರರ್’ ಎಂದು ಬರೆಯುತ್ತವೆ. ಅದು ಬಯಾಸ್ ಬರೆದವರ ಸಣ್ಣ ಲೋಪ, ಯಂತ್ರಕ್ಕೆ ಏನೂ ಆಗಿರುವುದಿಲ್ಲ. ನಿಜವಾದ ದೋಷವನ್ನು ಇಂಥವುಗಳಿಂದ ಬೇರ್ಪಡಿಸುವುದು ಹೇಗೆ? ಯಂತ್ರ ಚೆನ್ನಾಗಿದ್ದ ದಿನದ ಲಾಗನ್ನು ಪಕ್ಕದಲ್ಲಿಟ್ಟು ನೋಡುವುದು. ಅಂದೂ ಇದ್ದ ಸಾಲು ಇಂದಿನ ತೊಂದರೆಗೆ ಕಾರಣವಾಗಿರುವ ಸಾಧ್ಯತೆ ಕಡಿಮೆ. ಇಂದು ಹೊಸದಾಗಿ ಬಂದ ಸಾಲನ್ನು ಮೊದಲು ವಿಚಾರಿಸಬೇಕು. ಆದ್ದರಿಂದ ಲ್ಯಾಬಿನ ಯಂತ್ರಗಳೆಲ್ಲ ಸರಿಯಿರುವಾಗಲೇ ಅವುಗಳ ಲಾಗ್ ಪ್ರತಿ ತೆಗೆದಿಡಿ. ಇನ್ನೊಂದು ವಿಷಯ: ಕೆಲವು ಲಿನಕ್ಸ್‌ಗಳಲ್ಲಿ ಜರ್ನಲ್ ಬರೀ ರ‍್ಯಾಮಿನಲ್ಲಿರುತ್ತದೆ, ಯಂತ್ರ ಆರಿಸಿದರೆ ಹೋಗುತ್ತದೆ. ವಾರ್ ಲಾಗ್ ಎಂಬ ಫೋಲ್ಡರಿನೊಳಗೆ ಜರ್ನಲ್ ಹೆಸರಿನ ಫೋಲ್ಡರಿದ್ದರೆ ಅದು ಡಿಸ್ಕಿನಲ್ಲಿ ಉಳಿಯುತ್ತದೆ. ಉಳಿದರೆ ಮಾತ್ರ ‘ಮೈನಸ್ ಬಿ ಮೈನಸ್ ಒಂದು’ ಎಂದು ಕೇಳಿ ಹಿಂದಿನ ಸಲದ ಲಾಗನ್ನು ಓದಲು ಸಾಧ್ಯ.

ನಮ್ಮ ಹಳ್ಳಿಗಳಲ್ಲಿ ಕಂಪ್ಯೂಟರು ಏಳದಿರಲು ಕಾರಣಗಳನ್ನು ಹುಡುಕುತ್ತ ಹೋದರೆ ಮೇಲಿಂದ ಮೇಲೆ ಸಿಗುವುದು ವಿದ್ಯುತ್ತಿನ ಏರಿಳಿತ. ಕರೆಂಟು ಹೋಗುತ್ತದೆ, ಯುಪಿಎಸ್ ಬ್ಯಾಟರಿ ಸತ್ತು ವರ್ಷಗಳಾಗಿರುತ್ತದೆ, ಬರೆಯುತ್ತಿದ್ದ ಡಿಸ್ಕು ನಡುವೆಯೇ ನಿಲ್ಲುತ್ತದೆ. ವಿಂಡೋಸಿನ ಈವೆಂಟ್ ವ್ಯೂವರಿನಲ್ಲಿ ‘ಕರ್ನೆಲ್ ಪವರ್’ ಹೆಸರಿನಲ್ಲಿ 41 ಎಂಬ ಸಂಖ್ಯೆ, ಅದರ ಜೊತೆ 6008 ಎಂಬ ಸಂಖ್ಯೆ ಕಂಡರೆ ಹಿಂದಿನ ಸಲ ಯಂತ್ರ ಕ್ರಮವಾಗಿ ಶಟ್‌ಡೌನ್ ಆಗಿರಲಿಲ್ಲ ಎಂದರ್ಥ. ಏಕೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಹೊರಗಿನ ಪುರಾವೆ ನಾವೇ ಸೇರಿಸಬೇಕು. ಆ ಹೊತ್ತಿಗೆ ಊರಿನಲ್ಲಿ ಕರೆಂಟು ಹೋಗಿತ್ತೇ? ಹೋಗಿದ್ದರೆ ಯುಪಿಎಸ್ ಬ್ಯಾಟರಿ ಬದಲಿಸಿ. ಕರೆಂಟಿದ್ದಾಗಲೂ ಆ ಸಂಖ್ಯೆ ಬರುತ್ತಿದ್ದರೆ ಎಸ್‌ಎಂಪಿಎಸ್, ಕಾವು, ರ‍್ಯಾಮು ಇವುಗಳ ಮೇಲೆ ಅನುಮಾನ ಪಡಿ. ಕಂಪ್ಯೂಟರ್ ಪಕ್ಕದಲ್ಲಿ ಕರೆಂಟು ಹೋದ ಹೊತ್ತನ್ನು ಬರೆದಿಡುವ ಒಂದು ನೋಟ್‌ಬುಕ್ ಇದ್ದರೆ ಈ ಎರಡನ್ನೂ ಬೇರ್ಪಡಿಸಲು ಅದೊಂದೇ ಸಾಕು.

ಲಾಗಿನಲ್ಲಿ ‘ಐ ಓ ಎರರ್’ ಎಂಬ ಸಾಲು ಡಿಸ್ಕಿನ ಹೆಸರು, ಸೆಕ್ಟರ್ ಸಂಖ್ಯೆಗಳೊಂದಿಗೆ ಮತ್ತೆ ಮತ್ತೆ ಬರುತ್ತಿದ್ದರೆ ಡಿಸ್ಕೋ ಅದರ ಕೇಬಲ್ಲೋ ಕೈಕೊಡುತ್ತಿದೆ. ಇಂಥ ಹೊತ್ತಿನಲ್ಲಿ ಫಾರ್ಮ್ಯಾಟ್ ಮಾಡುವುದು ಅತ್ಯಂತ ಅಪಾಯದ ಕೆಲಸ. ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ ಮೊದಲು ಕಡತಗಳನ್ನು ಬೇರೆಡೆಗೆ ನಕಲಿಸಿ, ದುರಸ್ತಿಯ ಮಾತು ಆಮೇಲೆ. ಪಾಸ್‌ವರ್ಡ್ ಸರಿಯಿದ್ದರೂ ಮತ್ತೆ ಲಾಗಿನ್ ಪರದೆಗೇ ಬಂದು ನಿಲ್ಲುತ್ತಿದ್ದರೆ, ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂಬ ಸಾಲಿಗಾಗಿ ಹುಡುಕಿ. ಅದು ಸಿಕ್ಕರೆ ಡಿಸ್ಕು ತುಂಬಿದೆ, ಅಷ್ಟೇ. ಬೇಡದ ವಿಡಿಯೊಗಳನ್ನು ತೆಗೆದರೆ ಸಾಕು.

ಇನ್ನು ಬೋರ್ಡಿನ ಮೇಲಿರುವ ನಾಣ್ಯದಾಕಾರದ ಮೂರು ವೋಲ್ಟ್ ಸೆಲ್ಲು, ಸಿಆರ್ 2032. ಅದು ಸತ್ತರೆ ಯಂತ್ರದ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಸರ್ಕಾರಿ ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳು ‘ಇನ್ನೂ ಚಾಲ್ತಿಗೆ ಬಂದಿಲ್ಲ’ ಎಂದು ಬ್ರೌಸರು ಬಾಗಿಲು ಹಾಕುತ್ತದೆ. ಹೊರಗೆ ನಿಂತವರಿಗೆ ಸಿಗುವ ಉತ್ತರ ‘ಸರ್ವರ್ ಇಲ್ಲ’. ಲಾಗಿನ ಎಡ ಅಂಚಿನ ತಾರೀಕು ನೋಡಿದ್ದರೆ ತೊಂದರೆ ಆ ಸಣ್ಣ ಸೆಲ್ಲಿನದೆಂದು ಅಲ್ಲೇ ಗೊತ್ತಾಗುತ್ತಿತ್ತು, ರೈತನ ಒಂದು ದಿನ ಉಳಿಯುತ್ತಿತ್ತು.

ಇವೆಲ್ಲ ಸಣ್ಣ ಊರಿನ ಹಳೆಯ ಯಂತ್ರಗಳ ಪಾಡು ಎಂದು ಭಾವಿಸಬೇಡಿ. 2024ರ ಜುಲೈ 19, ಶುಕ್ರವಾರ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9.39ಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ತನ್ನ ಗ್ರಾಹಕರ ಕಂಪ್ಯೂಟರುಗಳಿಗೆ ಒಂದು ಸಣ್ಣ ಕಡತ ಕಳಿಸಿತು. ಅದನ್ನು ಓದಿದ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಬಿದ್ದವು. ಎದ್ದು, ಮತ್ತೆ ಅದೇ ಕಡತ ಓದಿ ಮತ್ತೆ ಬಿದ್ದವು. ಹೀಗೆ ಬಿದ್ದವು ಸುಮಾರು 85 ಲಕ್ಷ ಯಂತ್ರಗಳು ಎಂಬುದು ಮೈಕ್ರೋಸಾಫ್ಟಿನ ಅಂದಾಜು. ಆ ದಿನ ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಕೆಲಸ ಕೈಬರಹಕ್ಕೆ ಇಳಿಯಿತು, ಸಾಲುಗಳು ಬೆಳೆದವು. 78 ನಿಮಿಷದಲ್ಲಿ ಸಂಸ್ಥೆ ಕಡತವನ್ನು ಹಿಂತೆಗೆದುಕೊಂಡಿತು. ಆದರೆ ಬಿದ್ದಿದ್ದ ಬಹಳಷ್ಟು ಯಂತ್ರಗಳಿಗೆ ಅದರಿಂದ ಉಪಯೋಗವಾಗಲಿಲ್ಲ. ಅವು ಬೀಳುತ್ತಿದ್ದದ್ದು ನೆಟ್‌ವರ್ಕ್ ಸರಿಯಾಗಿ ಶುರುವಾಗುವ ಮೊದಲಿನ ಹಂತದಲ್ಲಿ. ದೂರದಿಂದ ಅವನ್ನು ಮುಟ್ಟಲು ಆಗುತ್ತಿರಲಿಲ್ಲ. ಮನುಷ್ಯರು ಒಂದೊಂದರ ಮುಂದೆ ಕುಳಿತು ಸೇಫ್ ಮೋಡಿನಲ್ಲಿ ಎಬ್ಬಿಸಿ ಆ ಕಡತವನ್ನು ಅಳಿಸಬೇಕಾಯಿತು.

ದಾರಿ ತೋರಿಸಿದ್ದು ಮತ್ತೆ ಯಂತ್ರವೇ ಬರೆದಿಟ್ಟ ಮಾತು. ನೀಲಿ ಪರದೆಯಲ್ಲೇ ಆ ಭದ್ರತಾ ತಂತ್ರಾಂಶದ ಡ್ರೈವರಿನ ಹೆಸರಿತ್ತು. ಬೀಳುವಾಗ ಯಂತ್ರ ಉಳಿಸಿದ ಮೆಮೊರಿಯ ಪ್ರತಿಯನ್ನು, ಅಂದರೆ ಕ್ರ್ಯಾಶ್ ಡಂಪನ್ನು, ಬಿಡಿಸಿ ನೋಡಿದ ತಜ್ಞರು ಆ ಡ್ರೈವರು ಮುಟ್ಟಬಾರದ ಮೆಮೊರಿಗೆ ಕೈ ಹಾಕಿದ್ದನ್ನು ಕಂಡರು. ಮುಂದೆ ಸಂಸ್ಥೆಯೇ ಮೂಲವನ್ನು ಬಿಚ್ಚಿಟ್ಟಿತು: ಹೊಸ ಕಡತ 21ನೆಯ ಅಂಶವೊಂದನ್ನು ಕೇಳುತ್ತಿತ್ತು, ಕೊಡುವ ತಂತ್ರಾಂಶದ ಬಳಿ ಇದ್ದದ್ದು 20 ಮಾತ್ರ. ಜಗತ್ತಿನ ಆಸ್ಪತ್ರೆ, ಬ್ಯಾಂಕು, ವಿಮಾನಗಳನ್ನು ನಿಲ್ಲಿಸಿದ ಕಾರಣ ಇಷ್ಟು ಸಣ್ಣದು. ಲ್ಯಾಬಿನ ಎಫ್‌ಎಸ್‌ಟ್ಯಾಬ್ ಸಾಲನ್ನು ಹುಡುಕಿದ ನಾವೂ ಈ ತಜ್ಞರೂ ಮಾಡಿದ್ದು ಒಂದೇ ಕೆಲಸ.

ಯಂತ್ರ ಏನನ್ನೂ ಹೇಳದಿದ್ದರೆ? ಅದಕ್ಕೂ ನಮ್ಮ ನಾಡಿನಿಂದಲೇ ಉದಾಹರಣೆ ಕೊಡುತ್ತೇನೆ. 2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಮತ್ತು ಪ್ರಜ್ಞಾನ್ ರೋವರನ್ನು ಚಂದ್ರನ ರಾತ್ರಿ ಬರುವ ಮೊದಲು ಮಲಗಿಸಲಾಯಿತು. ಅವನ್ನು ಕಟ್ಟಿದ್ದೇ ಚಂದ್ರನ ಒಂದು ಹಗಲಿಗೆ. ಸೆಪ್ಟೆಂಬರ್ 22ರ ಹೊತ್ತಿಗೆ ಬೆಳಕು ಮರಳಿದಾಗ ಎಬ್ಬಿಸಲು ಪ್ರಯತ್ನಿಸಲಾಯಿತು, ಯಾವ ಸಂಕೇತವೂ ಬರಲಿಲ್ಲ. ತಮ್ಮ ಕೆಲಸ ಪೂರ್ತಿ ಮುಗಿಸಿದ್ದ ಯಂತ್ರಗಳವು, ಕೊರತೆಯ ಮಾತಿಲ್ಲ. ಆದರೆ ಕೊರೆಯುವ ಚಳಿಯಲ್ಲಿ ಯಾವ ಭಾಗ ಮೊದಲು ಕೈಬಿಟ್ಟಿತು ಎಂದು ತಿಳಿಸುವ ಒಂದು ಸಾಲೂ ನಮ್ಮ ಬಳಿ ಇಲ್ಲ. ಇದಕ್ಕೆ ಪ್ರತಿಯಾಗಿ 2019ರ ಸೆಪ್ಟೆಂಬರ್ 7ರ ಚಂದ್ರಯಾನ-2ನ್ನು ನೆನೆಯಿರಿ. ಅದರ ಲ್ಯಾಂಡರ್ ಇಳಿಯುವಾಗ ವಿಫಲವಾಯಿತು, ಆದರೆ ವಿಫಲವಾಗುವ ತನಕ ಅಂಕಿಅಂಶ ಕಳಿಸುತ್ತಲೇ ಇತ್ತು. ಆ ದಾಖಲೆಯಿಂದ ಎಂಜಿನ್ನುಗಳ ನೂಕುಬಲ ನಿರೀಕ್ಷೆಗಿಂತ ಹೆಚ್ಚಿದ್ದುದು, ತಪ್ಪುಗಳು ಒಂದರ ಮೇಲೊಂದು ಸೇರಿದ್ದು, ಸಾವರಿಸಿಕೊಳ್ಳುವಷ್ಟು ಬೇಗ ನೌಕೆ ತಿರುಗಲಾರದೆ ಹೋದದ್ದು ತಿಳಿಯಿತು. ಚಂದ್ರಯಾನ-3ಕ್ಕೆ ಇಳಿದಾಣವನ್ನು 500 ಮೀಟರ್ ಚೌಕದಿಂದ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದ್ದು ಅಂಥ ಪಾಠಗಳಿಂದ. ಬರೆದಿಟ್ಟ ಸೋಲು ನಾಲ್ಕು ವರ್ಷಗಳಲ್ಲಿ ಗೆಲುವಿಗೆ ದಾರಿಯಾಯಿತು.

ಇನ್ನು ನಾವು ಮಾಡಬೇಕಾದ್ದು. ಲಾಗಿನ ಸಾಲುಗಳು ಇಂಗ್ಲಿಷಿನಲ್ಲಿರುತ್ತವೆ. ಹತ್ತನೆಯ ತರಗತಿ ಓದಿದ ಹುಡುಗಿಗೆ ಆ ಅಕ್ಷರಗಳು ಗೊತ್ತು, ಆದರೆ ಆ ವಾಕ್ಯ ತನ್ನನ್ನು ಏನು ಮಾಡಲು ಹೇಳುತ್ತಿದೆ ಎಂಬುದು ಗೊತ್ತಿಲ್ಲ. ಆದ್ದರಿಂದ ನನ್ನ ಮೊದಲ ಕೋರಿಕೆ ಇಲ್ಲಿರುವ ಅಧ್ಯಾಪಕರಿಗೆ. ನಿಮ್ಮ ಲ್ಯಾಬಿನಲ್ಲಿ ಕಂಡ ಪ್ರತಿ ದೋಷದ ಸಾಲನ್ನು ಇದ್ದ ಹಾಗೇ ಬರೆದು, ಅದರ ಕೆಳಗೆ ಕನ್ನಡದಲ್ಲಿ ಮೂರು ವಿಷಯ ಬರೆಸಿ: ಇದು ಯಾವ ಹಂತದ ಮಾತು, ಇದಕ್ಕೆ ಕಾರಣ ಏನಿತ್ತು, ಏನು ಮಾಡಿದ ಮೇಲೆ ಸರಿಹೋಯಿತು. ಮೂಲದ ಸಾಲನ್ನು ಅನುವಾದಿಸಲು ಹೋಗಬೇಡಿ. ಅದು ಹಾಗೇ ಇದ್ದರೆ ಮುಂದಿನವರು ಹುಡುಕಲು ಅನುಕೂಲ.

ಎರಡನೆಯ ಕೋರಿಕೆ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳನ್ನು ನೋಡಿಕೊಳ್ಳುವವರಿಗೆ. ಊರಿನ ಗ್ರಂಥಾಲಯಕ್ಕೆ ಕಂಪ್ಯೂಟರು ಬಂದಿರುವ ಕಾಲ ಇದು. ಶಾಲೆಗಳು ಹೀಗೆ ಬರೆದ ಪುಟಗಳ ಒಂದು ಪ್ರತಿ ಅಲ್ಲಿರಲಿ, ಲಿನಕ್ಸ್ ಬೂಟ್ ಆಗುವ ಒಂದು ಪೆನ್‌ಡ್ರೈವೂ ಇರಲಿ. ಮೂರನೆಯದು ಎಲ್ಲರಿಗೂ: ಲಾಗಿನಲ್ಲಿ ಬಳಕೆದಾರರ ಹೆಸರು, ಕಡತಗಳ ಹೆಸರು, ನೆಟ್‌ವರ್ಕ್ ವಿಳಾಸ ಇರುತ್ತವೆ. ಸಹಾಯ ಕೇಳಿ ಯಾರಿಗಾದರೂ ಕಳಿಸುವ ಮೊದಲು ಅವನ್ನು ಮರೆಮಾಡಿ. ಅಂಗಡಿಗೆ ಯಂತ್ರ ಒಯ್ದಾಗ ‘ಫಾರ್ಮ್ಯಾಟ್ ಮಾಡುವ ಮುಂಚೆ ಲಾಗ್ ನಕಲು ಮಾಡಿಕೊಡಿ, ಮೊದಲು ತಪ್ಪಿದ್ದು ಎಲ್ಲಿ ಹೇಳಿ’ ಎಂದು ಕೇಳಿ. ಕೇಳುವವರಿದ್ದರೆ ಹೇಳುವವರೂ ಹುಟ್ಟಿಕೊಳ್ಳುತ್ತಾರೆ.

ನಮ್ಮ ಜಮೀನಿನ ದಾಖಲೆಯನ್ನು ಯಂತ್ರಕ್ಕೆ ಒಪ್ಪಿಸಿದ ಸಮಾಜ ಆ ಯಂತ್ರದ ದಾಖಲೆಯನ್ನು ಓದಲು ಬಾರದೆ ಇರಬಾರದು. ಮುಂದಿನ ವರ್ಷ ಇದೇ ದತ್ತಿ ಉಪನ್ಯಾಸದ ಹೊತ್ತಿಗೆ ಈ ತಾಲ್ಲೂಕಿನ ಶಾಲೆಗಳಿಂದ ಅಂಥ ನೂರು ಸಾಲುಗಳು, ಅವುಗಳ ಕನ್ನಡ ವಿವರಣೆಯೊಂದಿಗೆ, ಒಂದು ಕಿರುಹೊತ್ತಗೆಯಾಗಿ ಬರಲಿ. ಅದಕ್ಕೆ ಬೇಕಾದ ಕೆಲಸದಲ್ಲಿ ನಾನೂ ಕೈಜೋಡಿಸುತ್ತೇನೆ.